ಬ್ಯಾಲೆ ಕಲಿಯುವ ಆಸೆಯೇ? ಮೊದಲು ಶಾಲೆಯ ನೆಲ ನೋಡಿ

ಬೇಸಿಗೆ ರಜೆ ಹತ್ತಿರವಾದಂತೆ ಬೆಂಗಳೂರಿನ ಬಡಾವಣೆಗಳ ಕಾಂಪೌಂಡ್ ಗೋಡೆಗಳಲ್ಲಿ, ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೀಬೋರ್ಡ್, ಕರಾಟೆ, ಭರತನಾಟ್ಯದ ಜತೆಗೆ ಈಗ ಬ್ಯಾಲೆ ತರಗತಿಯ ಜಾಹೀರಾತೂ ಕಾಣಿಸುತ್ತಿದೆ. ಭರತನಾಟ್ಯದ ಗುರುಗಳು ಬೇಕೆಂದರೆ ನೆಂಟರಿಷ್ಟರೇ ನಾಲ್ಕು ಹೆಸರು ಹೇಳುತ್ತಾರೆ. ಬ್ಯಾಲೆ ವಿಷಯದಲ್ಲಿ ಆ ಅನುಕೂಲ ಇಲ್ಲ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಅದನ್ನು ಕಲಿತವರು ಸಿಗುವುದು ಅಪರೂಪ. ಹಾಗಾಗಿ ಶಾಲೆಯವರು ಹೇಳಿದ್ದನ್ನೇ ನಂಬಿ ದುಡ್ಡು ಕಟ್ಟುವವರು ಹೆಚ್ಚು.

ಬ್ಯಾಲೆ ದೇಹದ ಎಲುಬು, ಕೀಲು, ಸ್ನಾಯುಗಳ ಮೇಲೆ ನೇರವಾಗಿ ಕೆಲಸ ಮಾಡುವ ಕಲೆ. ಕ್ರಮವಾಗಿ ಕಲಿತರೆ ನಿಲುವು, ಸಮತೋಲ, ಲಯಜ್ಞಾನ, ಏಕಾಗ್ರತೆ ಎಲ್ಲವೂ ಬೆಳೆಯುತ್ತವೆ. ಕ್ರಮ ತಪ್ಪಿದರೆ ಮೊಣಕಾಲು, ಪಾದ, ಸೊಂಟ ಅದರ ಬೆಲೆ ತೆರುತ್ತವೆ. ಅವಸರ ಮಾಡದ ಶಾಲೆಯೇ ಒಳ್ಳೆಯ ಶಾಲೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಒಂದೊಂದಾಗಿ ಅನುಸರಿಸಿ.

ಹಂತ 1: ವಯಸ್ಸು, ಉದ್ದೇಶ ನಿರ್ಧರಿಸಿ

ಮೂರು, ನಾಲ್ಕು ವರ್ಷದ ಮಕ್ಕಳಿಗೆ ಬ್ಯಾಲೆ ಎಂದರೆ ಸಂಗೀತಕ್ಕೆ ತಕ್ಕಂತೆ ನಡೆಯುವುದು, ಕುಪ್ಪಳಿಸುವುದು, ಚಿಟ್ಟೆಯಂತೆ ಹಾರುವುದು, ಅಷ್ಟೇ. ಆ ವಯಸ್ಸಿನಲ್ಲಿ ಆಟವೇ ಪಾಠ. ಐದಾರು ವರ್ಷಕ್ಕೆ ಸಾಲಿನಲ್ಲಿ ನಿಲ್ಲುವುದು, ತಾಳ ಗುರುತಿಸುವುದು, ಪಾದ ಚಾಚುವುದು ಶುರುವಾಗುತ್ತದೆ. ನಿಯಮಬದ್ಧ ತಂತ್ರವನ್ನು ದೇಹವೂ ಮನಸ್ಸೂ ಹಿಡಿದುಕೊಳ್ಳುವುದು ಸುಮಾರು ಏಳೆಂಟು ವರ್ಷಕ್ಕೆ. ನಾಲ್ಕು ವರ್ಷಕ್ಕೇ ಸೇರಿಸಲಿಲ್ಲವಲ್ಲ ಎಂದು ಯಾವ ತಾಯಿತಂದೆಯೂ ಕೊರಗಬೇಕಿಲ್ಲ.

ದೊಡ್ಡವರೂ ಕಲಿಯಬಹುದು. ಮುಂಬೈ ಸೀಮೆಯ ಟ್ಯಾಕ್ಸಿ ಚಾಲಕರ ಮಗ ಮನೀಶ್ ಚೌಹಾಣ್ ಬ್ಯಾಲೆಗೆ ಬಂದದ್ದು ಹದಿಹರೆಯ ಮುಗಿಯುತ್ತಿದ್ದಾಗ. ಗುರು ಯೆಹೂದಾ ಮಾವೋರ್ ಅವರಲ್ಲಿ ಮನೀಶ್ ಜತೆಗೇ ಕಲಿತ ಅಮೀರುದ್ದೀನ್ ಶಾ 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಶಾಲೆ ಸೇರಿದರು. ಇವರಿಬ್ಬರ ಬದುಕಿನಿಂದ ಪ್ರೇರಿತವಾಗಿ 2020ರಲ್ಲಿ ‘ಯೇ ಬ್ಯಾಲೆ’ ಚಿತ್ರ ಬಂತು. ಬ್ರಿಟನ್ನಿನ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್ 55 ದಾಟಿದವರಿಗಾಗಿಯೇ ‘ಸಿಲ್ವರ್ ಸ್ವಾನ್ಸ್’ ಎಂಬ ತರಗತಿಗಳನ್ನು ರೂಪಿಸಿದೆ. ವೃತ್ತಿ ಕಲಾವಿದರಾಗುವುದು ಬೇರೆ, ದೇಹ ಮನಸ್ಸುಗಳ ಸಂತೋಷಕ್ಕೆ ಕಲಿಯುವುದು ಬೇರೆ. ನಿಮ್ಮದು ಯಾವುದು ಎಂದು ಶಾಲೆಗೆ ಮೊದಲೇ ಹೇಳಿ. ದೊಡ್ಡವರಾದರೆ ‘ಅಡಲ್ಟ್ ಬಿಗಿನರ್’ ತಂಡವಿದೆಯೇ ಎಂದು ಕೇಳಿ. ಪಳಗಿದವರ ನಡುವೆ ಹೊಸಬರನ್ನು ನಿಲ್ಲಿಸುವ ತರಗತಿ ಬೇಡ.

ಹಂತ 2: ಗುರು, ಪಠ್ಯಕ್ರಮ ವಿಚಾರಿಸಿ

ಕರ್ನಾಟಕದಲ್ಲಿ ನೃತ್ಯ ಕಲಿಯುವವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಗೊತ್ತು. ಬ್ಯಾಲೆಗೂ ಇಂಥ ಮೆಟ್ಟಿಲುಗಳಿವೆ. ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ವ್ಯವಸ್ಥೆಗಳಲ್ಲಿ ಒಂದು, 1920ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್‌ನದು; ಬಳಕೆಯಲ್ಲಿ ‘ಆರ್‌ಎಡಿ’. ಪ್ರೀ-ಪ್ರೈಮರಿ, ಪ್ರೈಮರಿ, ಆಮೇಲೆ 1ರಿಂದ 8ರವರೆಗಿನ ಗ್ರೇಡ್‌ಗಳು ಅದರಲ್ಲಿವೆ. ವೃತ್ತಿಯತ್ತ ಹೋಗುವವರಿಗೆ ಇಂಟರ್‌ಮೀಡಿಯೇಟ್, ಅಡ್ವಾನ್ಸ್‌ಡ್ ಹಂತಗಳು ಬೇರೆ. ಇಟಲಿಯ ಎನ್ರಿಕೊ ಚೆಕೆಟ್ಟಿ ಮತ್ತು ರಷ್ಯಾದ ಅಗ್ರಿಪ್ಪಿನಾ ವಾಗನೋವಾ ಅವರ ಹೆಸರಿನ ಪದ್ಧತಿಗಳೂ ಪ್ರಸಿದ್ಧ. ಯಾವ ಪದ್ಧತಿಯಾದರೂ ಸರಿ, ಗುರುವಿಗೆ ಅದರಲ್ಲಿ ತರಬೇತಿ ಇರಬೇಕು.

ಬೆಂಗಳೂರಿನಲ್ಲಿ ಯಾನಾ ಲೂಯಿಸ್ ಸ್ಥಾಪಿಸಿದ ಲೂಯಿಸ್ ಫೌಂಡೇಷನ್ ಆಫ್ ಕ್ಲಾಸಿಕಲ್ ಬ್ಯಾಲೆಯಂತೆ ಬ್ಯಾಲೆಯನ್ನೇ ಮುಖ್ಯವಾಗಿ ಕಲಿಸುವ ಸಂಸ್ಥೆ ಇದೆ. ಹಲವು ಬಗೆಯ ನೃತ್ಯಗಳ ನಡುವೆ ಬ್ಯಾಲೆಯನ್ನೂ ಇಟ್ಟುಕೊಂಡ ಸ್ಟುಡಿಯೊಗಳೂ ಇವೆ. ಎರಡರಲ್ಲೂ ಒಳ್ಳೆಯ ಗುರುಗಳು ಸಿಗಬಹುದು. ಆದರೆ ಚಿತ್ರಗೀತೆಗೆ ಫ್ರಿಲ್ಲಿನ ಲಂಗ ತೊಡಿಸಿ ಕುಣಿಸುವುದನ್ನೇ ಬ್ಯಾಲೆ ಎಂದು ಕರೆಯುವ ಕಡೆ ಹೋಗಬೇಡಿ. ವಿಚಾರಿಸುವಾಗ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿ:

• ನೀವು ಯಾರಲ್ಲಿ, ಎಷ್ಟು ವರ್ಷ ಕಲಿತಿರಿ? ಕಲಿಸುವ ತರಬೇತಿಯನ್ನೂ ಪಡೆದಿದ್ದೀರಾ?
• ಯಾವ ಪಠ್ಯಕ್ರಮ? ಪರೀಕ್ಷೆ ಕಡ್ಡಾಯವೇ?
• ಒಂದು ತರಗತಿಗೆ ಎಷ್ಟು ಮಂದಿ?
• ನೀವೇ ಪ್ರತಿ ತರಗತಿಗೂ ಬರುತ್ತೀರಾ, ಸಹಾಯಕರು ಕಲಿಸುತ್ತಾರಾ?
• ತುದಿಬೆರಳ ಮೇಲೆ ನಿಲ್ಲಲು ತೊಡುವ ಪಾಯಿಂಟ್ ಶೂ ಯಾವಾಗ ಕೊಡುತ್ತೀರಿ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಬಹಳ ಮುಖ್ಯ. ಅದರ ಕಾರಣ ಎಂಟನೇ ಹಂತದಲ್ಲಿದೆ. ಆರ್‌ಎಡಿ ಹೆಸರು ಹೇಳಿದರೆ ಆ ಸಂಸ್ಥೆಯ ಜಾಲತಾಣದಲ್ಲಿ ಗುರುವಿನ ಹೆಸರು ಹುಡುಕಿ ಖಚಿತಪಡಿಸಿಕೊಳ್ಳಿ.

ಹಂತ 3: ನೆಲ ಪರೀಕ್ಷಿಸಿ

ಕನ್ನಡಿ, ದೀಪ, ಎ.ಸಿ. ನೋಡುವ ಮೊದಲು ನೆಲ ನೋಡಿ. ಬ್ಯಾಲೆಯಲ್ಲಿ ಜಿಗಿತ ಹೆಚ್ಚು. ಜಿಗಿದು ಇಳಿಯುವಾಗ ಮೈಭಾರದ ಹಲವು ಪಟ್ಟು ಒತ್ತಡ ಪಾದ, ಕಣಕಾಲು, ಮೊಣಕಾಲಿನ ಮೇಲೆ ಬೀಳುತ್ತದೆ. ಅದರಲ್ಲಿ ಒಂದಷ್ಟನ್ನು ನೆಲ ಹೀರಿಕೊಳ್ಳಬೇಕು. ಅದಕ್ಕಾಗಿ ಕಾಂಕ್ರೀಟಿನ ಮೇಲೆ ಮರದ ಪಟ್ಟಿ ಅಥವಾ ಫೋಮ್ ಇಟ್ಟು, ಅದರ ಮೇಲೆ ಮರದ ಹಲಗೆ ಹಾಸಿ, ಎಲ್ಲಕ್ಕಿಂತ ಮೇಲೆ ಜಾರದ ವಿನೈಲ್ ಹೊದಿಸುತ್ತಾರೆ. ಇದೇ ಸ್ಪ್ರಂಗ್ ಫ್ಲೋರ್. ಮೇಲೆ ನಿಂತು ಮೆಲ್ಲಗೆ ಕುಪ್ಪಳಿಸಿದರೆ ನೆಲ ಕೊಂಚ ತಗ್ಗುವುದು ಕಾಲಿಗೇ ತಿಳಿಯುತ್ತದೆ.

ನಮ್ಮ ಊರುಗಳ ಸಭಾಂಗಣ, ಕ್ಲಬ್‌ಹೌಸ್‌ಗಳಲ್ಲಿ ಇರುವುದು ಗ್ರಾನೈಟ್, ಮಾರ್ಬಲ್, ವಿಟ್ರಿಫೈಡ್ ಟೈಲ್ಸ್. ಇವು ಗಟ್ಟಿ, ಜತೆಗೆ ಜಾರುತ್ತವೆ. ಟೈಲ್ಸ್ ಮೇಲೆಯೇ ತೆಳ್ಳನೆಯ ವಿನೈಲ್ ಹಾಸಿದರೆ ಜಾರುವುದು ತಪ್ಪುತ್ತದೆ, ಪೆಟ್ಟು ತಪ್ಪುವುದಿಲ್ಲ. ಪುಟ್ಟ ಮಕ್ಕಳ ಆಟದ ತರಗತಿಗೆ ಅಂಥ ಜಾಗ ನಡೆದೀತು. ಜಿಗಿತ ಕಲಿಯುವವರಿಗೆ ಖಂಡಿತ ಬೇಡ.

ಹಂತ 4: ಒಂದು ತರಗತಿ ಕೂತು ನೋಡಿ

ಬಹುತೇಕ ಶಾಲೆಗಳು ಒಂದು ಪ್ರಾಯೋಗಿಕ ತರಗತಿಗೆ ಅವಕಾಶ ಕೊಡುತ್ತವೆ. ಆಗ ನೋಡಬೇಕಾದದ್ದು ಮಕ್ಕಳ ಕಾಲನ್ನಲ್ಲ, ಗುರುವಿನ ನಡವಳಿಕೆಯನ್ನು. ಹೆಸರು ಹಿಡಿದು ತಿದ್ದುತ್ತಾರಾ? ಮುಟ್ಟಿ ತಿದ್ದುವ ಮೊದಲು ಅನುಮತಿ ಕೇಳುತ್ತಾರಾ? ಹಿಂದಿನ ಸಾಲಿನ ಮಗುವಿಗೂ ಗಮನ ಸಿಗುತ್ತದಾ?

ಮಗುವಿನ ಬೆನ್ನ ಮೇಲೆ ಕೂತು ಅಥವಾ ಒತ್ತಿ ಕಾಲು ಅಗಲಿಸುವುದನ್ನು ಕಂಡರೆ ಅಲ್ಲಿಗೆ ಸೇರಿಸಬೇಡಿ. ದಪ್ಪ, ಕಪ್ಪು, ಕುಳ್ಳು ಎಂಬ ಮಾತು, ಊಟ ಬಿಡು ಎಂಬ ಸಲಹೆ ಕಿವಿಗೆ ಬಿದ್ದರೂ ಅಷ್ಟೇ. ಬೆಳೆಯುವ ಮಗುವಿಗೆ ಹೊಟ್ಟೆ ತುಂಬ ಊಟ ಬೇಕು. ಹಸಿದ ದೇಹದ ಎಲುಬು ಗಟ್ಟಿಯಾಗುವುದಿಲ್ಲ. ಪೋಷಕರು ತರಗತಿ ನೋಡಲು ಯಾವತ್ತೂ ಅವಕಾಶವೇ ಇಲ್ಲ ಎನ್ನುವ ಕಡೆಯೂ ಮಗುವನ್ನು ಬಿಡುವುದು ಬೇಡ.

ಹಂತ 5: ಖರ್ಚಿನ ಪೂರ್ತಿ ಪಟ್ಟಿ ಪಡೆಯಿರಿ

ತಿಂಗಳ ಶುಲ್ಕ ಮಾತ್ರ ಕೇಳಿ ಬಂದರೆ ಸಾಲದು. ಪ್ರವೇಶ ಶುಲ್ಕ, ಅವಧಿಯ ಶುಲ್ಕ, ಸಮವಸ್ತ್ರ, ಪರೀಕ್ಷಾ ಶುಲ್ಕ, ವಾರ್ಷಿಕ ಪ್ರದರ್ಶನದ ಉಡುಪು, ಸಭಾಂಗಣದ ಪಾಲು, ಹೀಗೆ ವರ್ಷವಿಡೀ ಒಂದೊಂದೇ ಬರುತ್ತವೆ. ಎಲ್ಲವನ್ನೂ ಬರೆದು ಕೊಡಲು ಹೇಳಿ. ಮಗು ಹುಷಾರು ತಪ್ಪಿದರೆ ಬದಲಿ ತರಗತಿ ಉಂಟೇ, ನಡುವೆ ಬಿಟ್ಟರೆ ಹಣ ವಾಪಸಾಗುತ್ತದೆಯೇ ಎಂದೂ ಕೇಳಿ. ಮೊದಲ ಸಲಕ್ಕೇ ವರ್ಷದ ಹಣ ಕಟ್ಟಬೇಡಿ. ಮೂರು ತಿಂಗಳಿಗೆ ಕಟ್ಟಿ, ಮಗುವಿನ ಆಸಕ್ತಿ ನೋಡಿ ಮುಂದುವರಿಸಿ.

ಹಂತ 6: ಉಡುಪು, ಶೂ ಕೊಳ್ಳಿ

ಶಾಲೆಯ ನಿಯಮ ತಿಳಿಯುವವರೆಗೆ ಏನನ್ನೂ ಕೊಳ್ಳಬೇಡಿ. ಸಾಮಾನ್ಯವಾಗಿ ಹುಡುಗಿಯರಿಗೆ ಮೈಗಂಟುವ ಲಿಯೊಟಾರ್ಡ್, ಟೈಟ್ಸ್. ಹುಡುಗರಿಗೆ ಬಿಗಿ ಟಿ-ಶರ್ಟ್, ಟೈಟ್ಸ್ ಅಥವಾ ಶಾರ್ಟ್ಸ್. ಉಡುಪು ಬಿಗಿಯಾಗಿರುವುದು ಮೊಣಕಾಲು, ಸೊಂಟದ ನಿಲುವು ಗುರುವಿಗೆ ಕಾಣಲಿ ಎಂದು. ಮುಜುಗರ ಎನಿಸಿದರೆ ಲೆಗ್ಗಿಂಗ್ಸ್, ಚಿಕ್ಕ ಸ್ಕರ್ಟ್ ಆಗಬಹುದೇ ಎಂದು ಕೇಳಿ. ಅನೇಕ ಕಡೆ ಒಪ್ಪುತ್ತಾರೆ. ಬಳೆ, ಕಾಲ್ಗೆಜ್ಜೆ, ಸರ ಮನೆಯಲ್ಲೇ ಇರಲಿ. ಕೂದಲನ್ನು ಬಿಗಿಯಾಗಿ ತುರುಬು ಕಟ್ಟಿ ನೆಟ್ ಹಾಕಿ. ತಲೆ ತಿರುಗಿಸುವಾಗ ಜಡೆ ಮುಖಕ್ಕೆ ಹೊಡೆಯಬಾರದು.

ಗುಲಾಬಿ ಬಣ್ಣದ ಶೂ, ಟೈಟ್ಸ್ ಮಾತ್ರವೇ ಬ್ಯಾಲೆಯ ಗುರುತು ಎಂಬ ಕಾಲ ಹೋಯಿತು. ಶೂ ತಯಾರಿಸುವ ಲಂಡನ್ನಿನ ಫ್ರೀಡ್ ಸಂಸ್ಥೆ 2018ರಲ್ಲಿ ಬ್ಯಾಲೆ ಬ್ಲ್ಯಾಕ್ ನೃತ್ಯ ತಂಡದ ಜತೆಗೂಡಿ ಕಂದು ಛಾಯೆಯ ಪಾಯಿಂಟ್ ಶೂಗಳನ್ನು ತಂದಿತು. ಮೈಬಣ್ಣಕ್ಕೆ ಹೊಂದುವುದನ್ನು ತೊಡಬಹುದೇ ಎಂದು ಧೈರ್ಯವಾಗಿ ಕೇಳಿ.

ಆರಂಭದ ಶೂ ಮೆದುವಾದದ್ದು. ಬಟ್ಟೆಯದು ಅಥವಾ ತೊಗಲಿನದು. ಬೆಳೆಯುವ ಮಗುವಿಗೆಂದು ಒಂದು ಸೈಜ್ ದೊಡ್ಡದು ತರುವ ನಮ್ಮ ರೂಢಿ ಇಲ್ಲಿ ಬೇಡ. ಸಡಿಲ ಶೂ ಕಾಲಿಗೆ ತೊಡರಿ ಬೀಳಿಸುತ್ತದೆ. ಬೆರಳು ಮಡಚದೆ, ಹಿಮ್ಮಡಿಯಲ್ಲಿ ಬಟ್ಟೆ ಉಬ್ಬದೆ, ಕಾಲುಚೀಲದಂತೆ ಅಂಟಿಕೊಂಡಿರಬೇಕು. ಎಲಾಸ್ಟಿಕ್ ಕೆಲವು ಶೂಗಳಲ್ಲಿ ಬಿಡಿಯಾಗಿಯೇ ಬರುತ್ತದೆ. ಕಾಲಿಗೆ ತೊಡಿಸಿ ಅಳೆದು ಮನೆಯಲ್ಲೇ ಹೊಲಿಯಿರಿ. ಈ ಶೂ ತೊಟ್ಟು ಬೀದಿಯಲ್ಲಿ ನಡೆಯಬಾರದು.

ಹಂತ 7: ಮೊದಲ ತರಗತಿಗೆ ಸಿದ್ಧರಾಗಿ

ಊಟವಾಗಿ ಸುಮಾರು ಎರಡು ಗಂಟೆ ಕಳೆದಿರಲಿ. ಹಸಿವೆನಿಸಿದರೆ ಒಂದು ಬಾಳೆಹಣ್ಣು ಸಾಕು. ಕಾಲು ಗಂಟೆ ಮುಂಚೆ ಹೋಗಿ, ನೀರಿನ ಬಾಟಲಿ ಒಯ್ಯಿರಿ.

ತರಗತಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೈ ಬೆಚ್ಚಗಾದ ಮೇಲೆ, ಸೊಂಟದೆತ್ತರದ ಕಂಬಿಯಾದ ‘ಬಾರ್’ ಹಿಡಿದು ಅಭ್ಯಾಸ. ಮೊದಲು ಪ್ಲಿಯೆ, ಅಂದರೆ ಮೊಣಕಾಲು ಬಗ್ಗಿಸುವುದು. ಆಮೇಲೆ ತಾಂದ್ಯು, ನೆಲಕ್ಕೆ ಒರೆಸುತ್ತ ಪಾದ ಚಾಚುವುದು. ಕೊನೆಕೊನೆಗೆ ಗ್ರಾಂ ಬಾತ್‌ಮಾಂ, ಕಾಲನ್ನು ಎತ್ತರಕ್ಕೆ ಬೀಸುವುದು. ಬಳಿಕ ಕಂಬಿ ಬಿಟ್ಟು ಕೋಣೆಯ ನಡುವಿಗೆ ಬಂದು ಕೈಚಲನೆ, ಸಮತೋಲ, ಸುತ್ತು; ಆಮೇಲೆ ಸಣ್ಣ ಜಿಗಿತ, ದೊಡ್ಡ ಜಿಗಿತ. ಮುಗಿಯುವಾಗ ಗುರುವಿಗೆ, ಪಿಯಾನೊ ನುಡಿಸುವವರಿದ್ದರೆ ಅವರಿಗೂ ಬಾಗಿ ವಂದನೆ. ಹೆಜ್ಜೆಗಳ ಹೆಸರೆಲ್ಲ ಫ್ರೆಂಚ್; ಫ್ರಾನ್ಸಿನ ದೊರೆ 14ನೇ ಲೂಯಿ 1661ರಲ್ಲಿ ನೃತ್ಯ ಅಕಾಡೆಮಿ ತೆರೆದ ಮೇಲೆ ಅಲ್ಲಿಯೇ ಈ ಕಲೆಗೆ ಶಾಸ್ತ್ರ ಕಟ್ಟಿದರು. ಕೇಳುತ್ತ ಕೇಳುತ್ತ ಅವು ಬಾಯಿಗೆ ಬರುತ್ತವೆ, ಮೊದಲೇ ಉರು ಹೊಡೆಯಬೇಕಿಲ್ಲ.

ಭರತನಾಟ್ಯದ ಅರಮಂಡಿ ಕಲಿತವರಿಗೆ ಬ್ಯಾಲೆಯ ‘ಟರ್ನ್‌ಔಟ್’ ಬೇಗ ಅರ್ಥವಾಗುತ್ತದೆ. ಎರಡರಲ್ಲೂ ಕಾಲು ಹೊರಕ್ಕೆ ತಿರುಗಬೇಕಾದದ್ದು ತೊಡೆಯ ಬುಡದಲ್ಲಿರುವ ಕೀಲಿನಿಂದ. ಪಾದವನ್ನು ಬಲವಂತವಾಗಿ ಒಂದೇ ಗೆರೆಗೆ ತಿರುಗಿಸಿದರೆ ಮೊಣಕಾಲು ತಿರುಚುತ್ತದೆ. ಮೊಣಕಾಲು ಬಗ್ಗಿಸಿದಾಗ ಅದು ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಅಷ್ಟು ಸಿಕ್ಕಿದ ಕೋನವೇ ಇವತ್ತಿನ ಮಟ್ಟಿಗೆ ನಿಮ್ಮ ಕೋನ.

ಮನೆಯಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷದ ಅಭ್ಯಾಸ ಸಾಕು. ಅಡುಗೆಮನೆಯ ಕಟ್ಟೆ ಅಥವಾ ಭಾರದ ಕುರ್ಚಿ ಹಿಡಿದು ಪ್ಲಿಯೆ, ತಾಂದ್ಯು ಮಾಡಿ. ಕಾಲುಚೀಲ ಹಾಕಿ ಟೈಲ್ಸ್ ಮೇಲೆ ಸುತ್ತುವುದು, ಜಿಗಿಯುವುದು ಬೇಡವೇ ಬೇಡ. ಮರುದಿನ ಎರಡೂ ತೊಡೆಗಳಲ್ಲಿ ಸಮನಾದ ಸ್ನಾಯು ನೋವು ಸಹಜ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಒಂದೇ ಕಡೆ ಚುಚ್ಚುವ ನೋವು, ಊತ, ರಾತ್ರಿ ಎಚ್ಚರಿಸುವ ನೋವು, ಬೆನ್ನು ಹಿಂದಕ್ಕೆ ಬಾಗಿಸಿದಾಗಲೆಲ್ಲ ಬರುವ ಸೊಂಟ ನೋವು ಇದ್ದರೆ ತರಗತಿ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ.

ಹಂತ 8: ಪಾಯಿಂಟ್ ಶೂಗೆ ಕಾಯಿರಿ

ತುದಿಬೆರಳ ಮೇಲೆ ನಿಲ್ಲುವುದೇ ಎಲ್ಲ ಮಕ್ಕಳ ಕನಸು. 1832ರಲ್ಲಿ ಪ್ಯಾರಿಸ್ಸಿನಲ್ಲಿ ನರ್ತಕಿ ಮಾರಿ ಟಾಲ್ಯೋನಿ ‘ಲಾ ಸಿಲ್ಫೀಡ್’ನಲ್ಲಿ ಹಾಗೆ ಕುಣಿದ ಮೇಲೆ ಅದು ಬ್ಯಾಲೆಯ ಮುಖವೇ ಆಯಿತು. ಬಟ್ಟೆ, ಕಾಗದಗಳನ್ನು ಪದರ ಪದರವಾಗಿ ಅಂಟಿಸಿ ಗಟ್ಟಿ ಮಾಡಿದ ಈ ಶೂವಿನ ತುದಿಯಲ್ಲಿ ಇಡೀ ಮೈಭಾರ ನಿಲ್ಲುತ್ತದೆ. ಪಾದದ ಎಲುಬುಗಳ ಬೆಳವಣಿಗೆ ಪೂರ್ಣವಾಗುವುದು ಹದಿಹರೆಯದಲ್ಲಿ. ಅದಕ್ಕೇ ನೃತ್ಯ ವೈದ್ಯಕೀಯ ತಜ್ಞರ ಅಂತರರಾಷ್ಟ್ರೀಯ ಸಂಘ 12 ವರ್ಷಕ್ಕೆ ಮುಂಚೆ ಪಾಯಿಂಟ್ ಬೇಡ ಎನ್ನುತ್ತದೆ. ವಾರಕ್ಕೆ ಎರಡು ತರಗತಿಯಂತೆ ಕಲಿಯುತ್ತಿರುವವರು ನಾಲ್ಕನೇ ವರ್ಷದಲ್ಲಿ ಶುರುಮಾಡಬಹುದು. ವಾರಕ್ಕೆ ಒಂದೇ ತರಗತಿಗೆ ಹೋಗುವವರಿಗೆ ಅದು ಸೂಕ್ತವಲ್ಲ ಎಂಬುದೂ ಅದರ ಸಲಹೆ. ವಯಸ್ಸಾದರೂ ಕಣಕಾಲು, ಹೊಟ್ಟೆ, ಬೆನ್ನಿನ ಸ್ನಾಯುಗಳಲ್ಲಿ ಬಲ ಬರದಿದ್ದರೆ ಇನ್ನೂ ಕಾಯಬೇಕು. ಈ ಶೂವನ್ನು ಗುರುವಿನ ಮಾರ್ಗದರ್ಶನದಲ್ಲಿ, ಕಾಲಿಗೆ ತೊಟ್ಟು ನೋಡಿಯೇ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಅಂದಾಜಿನ ಸೈಜ್ ತರಿಸುವುದು ಅಪಾಯ.

ಎಂಟು ವರ್ಷದ ಮಗುವಿಗೆ ವಾರ್ಷಿಕೋತ್ಸವದ ವೇದಿಕೆಗೆಂದು ಪಾಯಿಂಟ್ ಶೂ ತೊಡಿಸುವ ಶಾಲೆ ಎಷ್ಟೇ ಹತ್ತಿರವಿರಲಿ, ಶುಲ್ಕ ಎಷ್ಟೇ ಕಡಿಮೆಯಿರಲಿ, ಬೇಡ ಎನ್ನಿ. ನಾಲ್ಕು ವರ್ಷ ಕಾಯಿಸಿ, ಪ್ರತಿ ವಾರ ಅದೇ ಪ್ಲಿಯೆ ತಿದ್ದುವ ಗುರು ಸಿಕ್ಕರೆ ಅರ್ಧ ಗಂಟೆ ಹೆಚ್ಚು ಪ್ರಯಾಣವಾದರೂ ಅವರಲ್ಲಿಗೇ ಹೋಗಿ. ಈ ವಾರಾಂತ್ಯ ಹತ್ತಿರದ ಎರಡು ಶಾಲೆಗಳನ್ನಾದರೂ ನೋಡಿ ಬನ್ನಿ, ಮೇಲಿನ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ, ಆಮೇಲೆ ಮಾತ್ರ ಹೆಸರು ನೋಂದಾಯಿಸಿ.