ರಾತ್ರಿ ಪಾಳಿಯವರಿಗೆ ‘ಬೆಳಗಿನ ಮೂತ್ರ’ ಯಾವುದು?

ಗರ್ಭಪರೀಕ್ಷೆಯ ಕಿಟ್ ಜೊತೆಗಿರುವ ಚೀಟಿಯಲ್ಲಿ ‘ಬೆಳಗಿನ ಮೊದಲ ಮೂತ್ರ ಉತ್ತಮ’ ಎಂದಿರುತ್ತದೆ. ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಮಲಗುವವರು ಏನು ಮಾಡಬೇಕು?

ಇಲ್ಲಿ ಮುಖ್ಯವಾದದ್ದು ಗಡಿಯಾರವಲ್ಲ, ನಿದ್ದೆ. ಗರ್ಭ ನಿಂತರೆ ಎಚ್‌ಸಿಜಿ ಎಂಬ ಹಾರ್ಮೋನು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ನೀರು ಕುಡಿಯದೆ ಹಲವು ಗಂಟೆ ಮಲಗಿದಾಗ ಮೂತ್ರ ಗಾಢವಾಗಿ, ಅದು ಸುಲಭವಾಗಿ ಪತ್ತೆಯಾಗುತ್ತದೆ. ಪಾಳಿಯಲ್ಲಿ ಮೇಲಿಂದ ಮೇಲೆ ಚಹಾ, ನೀರು ಕುಡಿದು ಬೆಳಿಗ್ಗೆ 6 ಗಂಟೆಗೆ ಪರೀಕ್ಷಿಸಿದರೆ, ಗರ್ಭವಿದ್ದರೂ ಒಂದೇ ಗೆರೆ ಬರಬಹುದು.

ನೆನಪಿಡಿ:

1. ದೀರ್ಘ ನಿದ್ದೆಯಿಂದ ಎದ್ದ ಕೂಡಲೇ ಬರುವ ಮೂತ್ರವೇ ನಿಮ್ಮ ‘ಬೆಳಗಿನ ಮೂತ್ರ’; ಅದು ಮಧ್ಯಾಹ್ನ 3 ಗಂಟೆಯಾದರೂ ಸರಿ. ಮನೆಯವರು ಪರೀಕ್ಷೆಗೆಂದು ಅವರನ್ನು ನಡುವೆ ಎಬ್ಬಿಸಬೇಡಿ.

2. ನಿದ್ದೆ ತುಂಡು ತುಂಡಾದರೆ, ಹಿಂದಿನ ಮೂತ್ರವಾಗಿ ಸುಮಾರು 4 ಗಂಟೆಯಾದ ಮೇಲೆ ಪರೀಕ್ಷಿಸಿ.

3. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ, 2–3 ದಿನ ಬಿಟ್ಟು ಹೊಸ ಕಿಟ್‌ನಲ್ಲಿ ನೋಡಿ. ಅಲ್ಲಿಯವರೆಗೆ ವೈದ್ಯರನ್ನು ಕೇಳದೆ ಮಾತ್ರೆ ನುಂಗಬೇಡಿ. ಎಕ್ಸ್‌ರೇಗೆ ಮೊದಲು ಸಿಬ್ಬಂದಿಗೆ ವಿಷಯ ತಿಳಿಸಿ.

4. ಮಗುವಿಗಾಗಿ ಪ್ರಯತ್ನಿಸುವವರು ಬಳಸುವ ಅಂಡೋತ್ಪತ್ತಿ ಕಿಟ್ ಬೇರೆ. ಅದು ಎಲ್‌ಎಚ್ ಹಾರ್ಮೋನನ್ನು ನೋಡುತ್ತದೆ. ಅದನ್ನು ರಜೆಯ ದಿನವೂ ಸೇರಿದಂತೆ ಪ್ರತಿದಿನ ಒಂದೇ ಹೊತ್ತಿಗೆ ಮಾಡಿ. 2 ಗಂಟೆ ಮೊದಲಿನಿಂದ ನೀರು ಕಡಿಮೆ ಕುಡಿಯಿರಿ. ಚೀಟಿಯಲ್ಲಿ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.

ಮುಟ್ಟು ತಪ್ಪಿದ್ದು, ಕಿಬ್ಬೊಟ್ಟೆ ನೋವು, ರಕ್ತಸ್ರಾವ ಅಥವಾ ತಲೆಸುತ್ತು ಕಂಡರೆ ಕಿಟ್ ನೋಡುತ್ತಾ ಕೂರಬೇಡಿ. ಗರ್ಭನಾಳದಲ್ಲಿ ಗರ್ಭ ನಿಂತಿರಬಹುದು, ಅದು ಪ್ರಾಣಾಪಾಯ. ಯಾವ ಹೊತ್ತಾದರೂ ತಕ್ಷಣ ಆಸ್ಪತ್ರೆಗೆ ಬನ್ನಿ.