ಸೈಕಲ್ಲಿನ ಮೂಗುದಾರ

ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ ನಮ್ಮ ಮನೆಯಲ್ಲಿ ಒಂದು ಸೈಕಲ್ಲಿತ್ತು. ನಮ್ಮದು ತೀರ್ಥಹಳ್ಳಿಯ ಕಡೆಯ ಒಂದು ಸಣ್ಣ ಊರು. ಸೈಕಲ್ಲು ತಂದೆಯವರದು, ಕಪ್ಪು ಬಣ್ಣದ, ಎತ್ತರವಾದ, ನನ್ನ ಕಾಲಿಗೆ ಸರಿಯಾಗಿ ಎಟುಕದ ವಾಹನ. ಆಷಾಢದ ಒಂದು ಸಂಜೆ, ಸೀಮೆಎಣ್ಣೆಯ ಡಬ್ಬಿಯನ್ನು ಹಿಂದೆ ಕಟ್ಟಿಕೊಂಡು ಜಡಿಮಳೆಯಲ್ಲಿ ಪೇಟೆಯಿಂದ ಮನೆಗೆ ಬರುತ್ತಿದ್ದೆ. ಕೆರೆಯ ಏರಿಯನ್ನು ದಾಟಿದ ಮೇಲೆ ದಾರಿ ಇಳಿಜಾರು. ಅದರ ಬುಡದಲ್ಲಿ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತ ಮುದುಕಿಯೊಬ್ಬಳು ದಾರಿಯನ್ನು ದಾಟುತ್ತಿದ್ದಳು. ಹೊರೆಯು ಕಣ್ಣಿಗೆ ಮರೆಯಾಗಿದ್ದುದರಿಂದ ಆಕೆಗೆ ನಾನು ಕಾಣಲಿಲ್ಲ. ಮಳೆಯ ಸದ್ದಿನಲ್ಲಿ ಗಂಟೆಯ ಸದ್ದೂ ಕೇಳಿಸಲಿಲ್ಲ. ನಾನು ಎರಡು ಬ್ರೇಕುಗಳನ್ನೂ ಇದ್ದ ಬಲವನ್ನೆಲ್ಲ ಹಾಕಿ ಹಿಡಿದೆ. ಸೈಕಲ್ಲು ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು. ಆಕೆ ಮೂರು ಮಾರು ದೂರದಲ್ಲಿರುವಾಗ ಹ್ಯಾಂಡಲನ್ನು ಪಕ್ಕಕ್ಕೆ ತಿರುಗಿಸಿ ಗದ್ದೆಗೆ ಬಿದ್ದೆ. ಎಣ್ಣೆಯೆಲ್ಲ ಕೆಸರಿನ ಪಾಲಾಯಿತು. ಮುದುಕಿ ಹೊರೆಯನ್ನು ಇಳಿಸಿ ಬಂದು ನನ್ನನ್ನು ಎಬ್ಬಿಸಿದಳು. ಮೊಣಕೈಯ ಗಾಯವನ್ನು ನೋಡಿ, “ಅಲ್ಲವೋ ಮಗಾ, ಎತ್ತಿಗಾದರೆ ಮೂಗುದಾರ ಇರುತ್ತದೆ. ನಿನ್ನ ಈ ಕುದುರೆಗೆ ಏನೂ ಇಲ್ಲವೇನೋ?” ಎಂದಳು.

ಇತ್ತು, ಆದರೆ ಹಿಡಿಯಲಿಲ್ಲ. ಏಕೆ ಹಿಡಿಯಲಿಲ್ಲವೆಂಬುದು ನನಗೆ ಅರ್ಥವಾದುದು ಬಹಳ ವರ್ಷಗಳ ಮೇಲೆ.

ಈಚೆಗೆ ಆ ಪ್ರಸಂಗವನ್ನು ಮತ್ತೆ ನೆನಪಿಗೆ ತಂದವಳು ನನ್ನ ತಂಗಿಯ ಮಗಳು. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಭಾನುವಾರಗಳಲ್ಲಿ ಗೆಳತಿಯರೊಡನೆ ನಂದಿಬೆಟ್ಟದವರೆಗೆ ಸೈಕಲ್ ತುಳಿಯುವುದು ಅವಳ ಹವ್ಯಾಸ. ಬಾಗಿದ ಹ್ಯಾಂಡಲಿನ, ತೆಳುವಾದ ಟೈರಿನ, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರವಾದ ರೋಡ್ ಸೈಕಲ್ಲೊಂದನ್ನು ಕೊಳ್ಳಲು ಹೊರಟಿದ್ದಳು. “ಮಾವ, ಅಂಗಡಿಯಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಬ್ರೇಕು ಗಾಲಿಯ ರಿಮ್ಮನ್ನು ಹಿಡಿಯುತ್ತದೆ. ಇನ್ನೊಂದು ಡಿಸ್ಕ್ ಬ್ರೇಕಿನದು, ಬೆಲೆ ಹೆಚ್ಚು. ಯಾವುದನ್ನು ಕೊಳ್ಳಲಿ?” ಎಂದು ಕೇಳಿದಳು. “ಮೊದಲು ಅದನ್ನು ಎಲ್ಲಿ ಓಡಿಸುತ್ತೀ ಹೇಳು” ಎಂದೆ. “ಬ್ರೇಕಿಗೂ ಊರಿಗೂ ಏನು ಸಂಬಂಧ?” ಎಂದು ಅವಳು ನಕ್ಕಳು. ಸಂಬಂಧವಿದೆ. ಅದನ್ನು ತಿಳಿಯಬೇಕಾದರೆ ಬ್ರೇಕು ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಓಡುವ ವಸ್ತುವಿನಲ್ಲಿ ಚಲನಶಕ್ತಿ ಇರುತ್ತದೆಂದು ನೀವು ವಿಜ್ಞಾನದ ಪಾಠದಲ್ಲಿ ಕಲಿತಿದ್ದೀರಿ. ಸವಾರನೂ ಸೈಕಲ್ಲೂ ಸೇರಿ 80 ಕಿಲೋಗ್ರಾಂ ತೂಗುವರೆಂದೂ ವೇಗ ಗಂಟೆಗೆ 30 ಕಿಲೋಮೀಟರೆಂದೂ ಇಟ್ಟುಕೊಂಡರೆ ಆ ಶಕ್ತಿ ಸುಮಾರು 2,800 ಜೂಲ್‌ಗಳಾಗುತ್ತದೆ. ಶಕ್ತಿಯನ್ನು ನಾಶಮಾಡುವುದು ಸಾಧ್ಯವಿಲ್ಲ. ರೂಪವನ್ನು ಬದಲಾಯಿಸಬಹುದು, ಅಷ್ಟೆ. ಘಟ್ಟವನ್ನಿಳಿಯುವ ಎತ್ತಿನ ಗಾಡಿಯ ಚಕ್ರಕ್ಕೆ ಮರದ ತುಂಡನ್ನು ಒತ್ತಿ ಹಿಡಿಸುತ್ತಿದ್ದರು. ಅದಕ್ಕೆ ‘ಬಿರಿ’ ಎಂದು ಹೆಸರು. ಸೈಕಲ್ಲಿನ ಬ್ರೇಕೂ ಅದೇ ಜಾತಿಯದು. ಅದು ಗಾಲಿಯನ್ನು ಉಜ್ಜುತ್ತದೆ. ಘರ್ಷಣೆಯಿಂದ ಚಲನಶಕ್ತಿ ಶಾಖವಾಗಿ ಗಾಳಿಗೆ ಸೇರುತ್ತದೆ.

ಆದರೆ ಬ್ರೇಕು ನಿಲ್ಲಿಸುವುದು ಗಾಲಿಯನ್ನು ಮಾತ್ರ. ಸೈಕಲ್ಲನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಹಿಡಿತ. ಆ ಹಿಡಿತ ತಪ್ಪಿತೆಂದರೆ ಎಷ್ಟು ಬೆಲೆಯ ಬ್ರೇಕಾದರೂ ನಿಷ್ಪ್ರಯೋಜಕ. ನಿಂತ ಗಾಲಿ ಜಾರುತ್ತಾ ಮುಂದೆ ಹೋಗುತ್ತದೆ. ಇದರಲ್ಲಿ ಮುಂಗಾಲಿಗೂ ಹಿಂಗಾಲಿಗೂ ವ್ಯತ್ಯಾಸವುಂಟು. ವೇಗ ತಗ್ಗುವಾಗ ಸವಾರನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂಗಾಲಿ ನೆಲವನ್ನು ಬಲವಾಗಿ ಒತ್ತುತ್ತದೆ. ಹಿಂಗಾಲಿ ಹಗುರವಾಗಿ ಬೇಗ ಜಾರುತ್ತದೆ. ಒಣ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರು ವೇಗದಿಂದ ಹಿಂದಿನ ಬ್ರೇಕೊಂದರಿಂದಲೇ ನಿಲ್ಲಲು ಸುಮಾರು 14 ಮೀಟರು ಬೇಕಾದರೆ, ಎರಡನ್ನೂ ಸರಿಯಾಗಿ ಹಿಡಿದವನಿಗೆ 7 ಮೀಟರು ಸಾಕು. ಕಂಡದ್ದನ್ನು ತಿಳಿದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ, ಆ ಸೆಕೆಂಡಿನಲ್ಲಿ ಸಾಗುವ 8 ಮೀಟರು ಇದಕ್ಕೆ ಹೊರತು. ಮುಂದಿನ ಬ್ರೇಕನ್ನು ಹಿಡಿದರೆ ತಲೆಕೆಳಗಾಗಿ ಬೀಳುತ್ತೇವೆಂಬ ಭಯ ಅನೇಕರಿಗಿದೆ. ಒಮ್ಮೆಲೇ ಬಿಗಿದರೆ ಬೀಳುವುದು ನಿಜ. ಮೈಯನ್ನು ಹಿಂದಕ್ಕೆ ಸರಿಸಿ, ಕ್ರಮಕ್ರಮವಾಗಿ ಒತ್ತಿದರೆ ನಮ್ಮನ್ನು ಕಾಪಾಡುವುದು ಆ ಬ್ರೇಕೇ.

ಹೀಗಾಗಿ ಒಳ್ಳೆಯ ಬ್ರೇಕೆಂದರೆ ಅತಿ ಬಲವಾಗಿ ಹಿಡಿಯುವ ಬ್ರೇಕಲ್ಲ. ಕೈ ಎಷ್ಟು ಕೇಳುತ್ತದೋ ಅಷ್ಟನ್ನೇ, ಬಿಸಿಲಿರಲಿ ಮಳೆಯಿರಲಿ ತಪ್ಪದೆ ಕೊಡುವ ಬ್ರೇಕು. ಇದನ್ನು ಸಾಧಿಸಲು ಮನುಷ್ಯನಿಗೆ ನೂರು ವರ್ಷಕ್ಕೂ ಮಿಕ್ಕು ಹಿಡಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಓಡಾಡುತ್ತಿದ್ದ ಎತ್ತರಗಾಲಿಯ ಸೈಕಲ್ಲುಗಳಲ್ಲಿ ಚಮಚದಾಕಾರದ ಒಂದು ಲೋಹದ ತುಂಡು ಟೈರಿನ ಮೇಲೆಯೇ ಒತ್ತುತ್ತಿತ್ತು. ಗಟ್ಟಿ ರಬ್ಬರಿನ ಟೈರು ಅದನ್ನು ತಾಳಿಕೊಂಡಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ. ಗಾಳಿಯ ಟೈರನ್ನು ಚಮಚದಿಂದ ಉಜ್ಜಿದರೆ ಅದು ಬೇಗ ಸವೆದುಹೋಗುವುದಷ್ಟೆ. ಆದುದರಿಂದ ಬ್ರೇಕು ಟೈರನ್ನು ಬಿಟ್ಟು ರಿಮ್ಮಿಗೆ ಬಂದಿತು. ಜರ್ಮನಿಯಲ್ಲಿ 1903ರಲ್ಲಿ ಎರ್ನ್ಸ್ಟ್ ಸಾಕ್ಸ್ ಎಂಬಾತ ಗಾಲಿಯ ಗುಂಬದ ಒಳಗೇ ಅಡಗಿರುವ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕನ್ನು ಹೊರತಂದ. ಮಳೆಗೆ ಅದು ಅಂಜುವುದಿಲ್ಲ, ಆದರೆ ಹಿಡಿಯುವುದು ಹಿಂಗಾಲಿಯನ್ನು ಮಾತ್ರ.

ನಮ್ಮ ಮನೆಯಲ್ಲಿದ್ದುದು ರಾಡ್ ಬ್ರೇಕು. ನಮ್ಮ ದೇಶದ ಹಳ್ಳಿಹಳ್ಳಿಗೂ ಹಾಲನ್ನೂ ಅಂಚೆಯನ್ನೂ ಹೊತ್ತು ತಿರುಗಿದ ಸೈಕಲ್ಲುಗಳಲ್ಲಿ ಇದ್ದುದು ಇದೇ. ಹ್ಯಾಂಡಲಿನ ಹಿಡಿಯನ್ನು ಒತ್ತಿದರೆ ಕಬ್ಬಿಣದ ಸಲಾಕೆಗಳು ಎರಡು ರಬ್ಬರ್ ತುಂಡುಗಳನ್ನು ಎಳೆದು ರಿಮ್ಮಿನ ಒಳಮೈಗೆ ತಾಗಿಸುತ್ತವೆ. ಗಟ್ಟಿಮುಟ್ಟಾದ ಏರ್ಪಾಡು, ಕೆಟ್ಟರೆ ಊರ ಕಮ್ಮಾರನೂ ಸರಿಮಾಡಬಲ್ಲ. ದೋಷವಿದ್ದುದು ರಿಮ್ಮಿನಲ್ಲಿ. ಅದು ಉಕ್ಕಿನದು, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಲೇಪ. ಮಳೆಯಲ್ಲಿ ಆ ನುಣುಪಾದ ಮೈಯ ಮೇಲೆ ನೀರು ತೆಳುವಾದ ಪೊರೆಯಾಗಿ ನಿಲ್ಲುತ್ತದೆ; ರಬ್ಬರು ಲೋಹವನ್ನು ಮುಟ್ಟದೆ ನೀರಿನ ಮೇಲೆ ಜಾರುತ್ತದೆ. ನೀರನ್ನು ಒರೆಸಿ ಹಾಕಲು ಗಾಲಿ ಹಲವು ಸುತ್ತು ತಿರುಗಬೇಕು. ಒಂದೊಂದು ಸುತ್ತಿಗೆ ಎರಡು ಮೀಟರಿಗೂ ಮಿಕ್ಕ ದಾರಿ ಸವೆಯುತ್ತದೆ. ಆ ಸಂಜೆ ನನಗೂ ಮುದುಕಿಗೂ ನಡುವೆ ಅಷ್ಟು ದಾರಿ ಉಳಿದಿರಲಿಲ್ಲ.

ಉಕ್ಕಿಗೆ ಬದಲಾಗಿ ಅಲ್ಯೂಮಿನಿಯಂ ರಿಮ್ಮು ಬಂದ ಮೇಲೆ ಸ್ಥಿತಿ ಬಹಳ ಸುಧಾರಿಸಿತು. ಅಲ್ಯೂಮಿನಿಯಂ ಹಗುರ, ಒದ್ದೆಯಾದಾಗಲೂ ರಬ್ಬರಿಗೆ ಅದರ ಮೇಲೆ ಹಿಡಿತ ಸಿಗುತ್ತದೆ. ಸಲಾಕೆಯ ಸ್ಥಾನದಲ್ಲಿ ತಂತಿ ಬಂದಿತು. ಇಕ್ಕಳದಂತೆ ರಿಮ್ಮನ್ನು ಎರಡೂ ಪಕ್ಕದಿಂದ ಹಿಡಿಯುವ ಈ ಬ್ರೇಕಿಗೆ ಕ್ಯಾಲಿಪರ್ ಬ್ರೇಕೆಂದು ಹೆಸರು. ಪಂದ್ಯದ ಸೈಕಲ್ಲುಗಳು ಇದನ್ನೇ ನೆಚ್ಚಿಕೊಂಡು ಯೂರೋಪಿನ ಆಲ್ಪ್ಸ್ ಪರ್ವತಗಳನ್ನು ದಶಕಗಳ ಕಾಲ ಏರಿ ಇಳಿದಿವೆ. ಇದರ ಸರಳತೆ ನನಗೆ ಇಂದಿಗೂ ಮೆಚ್ಚುಗೆ. ರಬ್ಬರು ಸವೆದರೆ ಕಣ್ಣಿಗೆ ಕಾಣುತ್ತದೆ. ತಂತಿ ಸಡಿಲಾದರೆ ಬೆರಳಲ್ಲೇ ಬಿಗಿಯಬಹುದು. ಆದರೆ ಮಳೆಯಲ್ಲಿ ಇದೂ ಕ್ಷಣಕಾಲ ತಡೆದೇ ಹಿಡಿಯುತ್ತದೆ. ರಸ್ತೆಯ ಮರಳು ರಬ್ಬರಿಗೆ ಅಂಟಿಕೊಂಡು ರಿಮ್ಮನ್ನೇ ಅರದಂತೆ ಉಜ್ಜಿ ತೆಳುವಾಗಿಸುತ್ತದೆ.

ಡಿಸ್ಕ್ ಬ್ರೇಕಿನಲ್ಲಿ ಉಜ್ಜುವ ಕೆಲಸವನ್ನು ರಿಮ್ಮಿನಿಂದ ತೆಗೆದು ಗುಂಬದ ಬಳಿಯ ಉಕ್ಕಿನ ತಟ್ಟೆಯೊಂದಕ್ಕೆ ವಹಿಸಲಾಗಿದೆ. ತಟ್ಟೆಯ ವ್ಯಾಸ ಸಾಮಾನ್ಯವಾಗಿ 140 ಅಥವಾ 160 ಮಿಲಿಮೀಟರು. ರಿಮ್ಮಿನ ವ್ಯಾಸ ಇದರ ಸುಮಾರು ನಾಲ್ಕು ಪಟ್ಟು. ಆದುದರಿಂದ ಅದೇ ಪರಿಣಾಮಕ್ಕೆ ಇಲ್ಲಿ ನಾಲ್ಕು ಪಟ್ಟು ಬಲ ಬೇಕು. ಆ ಬಲವನ್ನು ಒದಗಿಸುವುದು, ಉತ್ತಮ ಬಗೆಯವುಗಳಲ್ಲಿ, ಕೊಳವೆಯೊಳಗಿನ ದ್ರವ. ನೀವು ಓದಿರುವ ಪಾಸ್ಕಲನ ನಿಯಮವೇ ಇಲ್ಲಿ ದುಡಿಯುತ್ತದೆ: ಬೆರಳು ಚಿಕ್ಕ ಕೊಂತವನ್ನು ಒತ್ತುತ್ತದೆ, ತಟ್ಟೆಯ ಬಳಿಯ ದೊಡ್ಡ ಕೊಂತಗಳು ಹೆಚ್ಚಿನ ಬಲದಿಂದ ಬಿಗಿಯುತ್ತವೆ. ತಟ್ಟೆ ನೆಲದ ನೀರಿಗೂ ಕೆಸರಿಗೂ ದೂರ. ಮಳೆಯ ಹನಿ ಬಿದ್ದರೂ ಬಲವಾದ ಒತ್ತಡ ಅದನ್ನು ಒಡನೆಯೇ ಒರೆಸಿಬಿಡುತ್ತದೆ.

ಇಲ್ಲಿಗೆ ನಮ್ಮ ಘಟ್ಟದ ಲೆಕ್ಕವನ್ನೂ ಸೇರಿಸೋಣ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಇಳಿತವನ್ನು 500 ಮೀಟರೆಂದು ಹಿಡಿದರೂ, ಮೇಲೆ ಹೇಳಿದ 80 ಕಿಲೋಗ್ರಾಂ ಭಾರ ಬಿಟ್ಟುಕೊಡುವ ಶಕ್ತಿ ಸುಮಾರು ನಾಲ್ಕು ಲಕ್ಷ ಜೂಲ್‌ಗಳು. ಒಂದು ಲೀಟರಿಗೂ ಮಿಕ್ಕ ನೀರನ್ನು ಕುದಿಯುವವರೆಗೆ ಕಾಯಿಸಲು ಅಷ್ಟು ಸಾಕು! ಗಾಳಿಯ ತಡೆ ಅದರಲ್ಲಿ ಒಂದು ಪಾಲನ್ನು ಹೀರಿಕೊಂಡರೂ ಮಿಕ್ಕದ್ದನ್ನು ಬ್ರೇಕೇ ನುಂಗಬೇಕು. ರಿಮ್ ಬ್ರೇಕನ್ನು ಬಿಡದೆ ಹಿಡಿದುಕೊಂಡೇ ಇಳಿದರೆ ರಿಮ್ಮು ಕಾದು ಒಳಗಿನ ಟ್ಯೂಬು ಒಡೆಯಬಹುದು. ತಟ್ಟೆಯಾದರೋ ಟೈರಿನಿಂದ ದೂರದಲ್ಲಿ ಕಾಯುತ್ತದೆ. ಹಾಗೆಂದು ಅದನ್ನೂ ಒಂದೇ ಸಮನೆ ಹಿಡಿದಿರಬಾರದು. ತಿರುವಿಗೆ ಮೊದಲು ಹಿಡಿದು ವೇಗವನ್ನು ತಗ್ಗಿಸಿ, ತಿರುವಿನಲ್ಲಿ ಬಿಟ್ಟು, ಆರಲು ಅವಕಾಶ ಕೊಡಬೇಕು.

ಪಂದ್ಯದವರು ಡಿಸ್ಕನ್ನು ಸುಲಭವಾಗಿ ಒಪ್ಪಲಿಲ್ಲ. ಗುಂಪಾಗಿ ಬಿದ್ದಾಗ ತಿರುಗುವ ತಟ್ಟೆ ಮೈಯನ್ನು ಕೊಯ್ದೀತೆಂಬ ಆತಂಕವಿತ್ತು. 2016ರಲ್ಲಿ ಪ್ರಯೋಗವನ್ನು ಕೆಲವು ಕಾಲ ನಿಲ್ಲಿಸಿದ್ದೂ ಉಂಟು. 2017ರ ಟೂರ್ ಡಿ ಫ್ರಾನ್ಸ್‌ನಲ್ಲಿ ಜರ್ಮನಿಯ ಮಾರ್ಸೆಲ್ ಕಿಟೆಲ್ ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಒಂದು ಹಂತವನ್ನು ಗೆದ್ದ. ಮರುವರ್ಷ ಅಂತಾರಾಷ್ಟ್ರೀಯ ಸಂಸ್ಥೆ ಪೂರ್ಣ ಅನುಮತಿ ನೀಡಿತು. ಅದರ ದೋಷಗಳು ಇಲ್ಲವಾದುವೆಂದಲ್ಲ. ಡಿಸ್ಕಿನ ಸೈಕಲ್ಲು ಹೆಚ್ಚು ತೂಗುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ ಹಿಡಿ ಮೆತ್ತಗಾಗುತ್ತದೆ. ತಟ್ಟೆಗೆ ಒಂದು ತೊಟ್ಟು ಎಣ್ಣೆ ತಾಗಿದರೂ ಹಿಡಿತ ಕೆಡುತ್ತದೆ. ಸರಿಪಡಿಸಲು ಬಲ್ಲವರೇ ಬೇಕು. ಅಂಥವರು ದೊಡ್ಡ ಊರುಗಳಲ್ಲಿ ಸಿಗುವಂತೆ ಹಳ್ಳಿಗಳಲ್ಲಿ ಸಿಗುವುದಿಲ್ಲ. ಮುಖ್ಯವಾದ ಇನ್ನೊಂದು ಸಂಗತಿಯುಂಟು. ಒಂದು ಬಗೆಯ ಬ್ರೇಕಿಗಾಗಿ ಮಾಡಿದ ಚೌಕಟ್ಟಿಗೆ ಇನ್ನೊಂದನ್ನು ಆಮೇಲೆ ಜೋಡಿಸಲು ಸಾಮಾನ್ಯವಾಗಿ ಬರುವುದಿಲ್ಲ. ಕೊಳ್ಳುವ ದಿನವೇ ನಿರ್ಧರಿಸಬೇಕು.

ಇಷ್ಟನ್ನೂ ಹೇಳಿ ಸೊಸೆಯನ್ನು ಮತ್ತೆ ಕೇಳಿದೆ: “ಈಗ ಹೇಳು, ಎಲ್ಲಿ ಓಡಿಸುತ್ತೀ?” ಬಯಲುಸೀಮೆಯ ಒಣ ರಸ್ತೆಯಲ್ಲಿ ಮಾತ್ರವೆಂದಿದ್ದರೆ ಕ್ಯಾಲಿಪರ್ ಬ್ರೇಕಿನದನ್ನು ಕೊಂಡು ಉಳಿದ ಹಣವನ್ನು ಒಳ್ಳೆಯ ಟೈರಿಗೆ ಹಾಕೆಂದು ಹೇಳುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಮಳೆಗಾಲದಲ್ಲಿ ಊರಿಗೆ ಬಂದು ಆಗುಂಬೆಯನ್ನು ಇಳಿಯಬೇಕೆಂದಿದ್ದೇನೆ ಮಾವ” ಎಂದಳು. “ಹಾಗಾದರೆ ಡಿಸ್ಕನ್ನೇ ತೆಗೆದುಕೋ” ಎಂದೆ.

ಶ್ರಾವಣದಲ್ಲಿ ಸೈಕಲ್ಲು ನಮ್ಮ ಅಂಗಳಕ್ಕೆ ಬಂದಿತು. ಸವಾರಿಗೆ ಮೊದಲು ಒಂದೊಂದೇ ಹಿಡಿಯನ್ನು ಒತ್ತಿ ನೋಡಲು ಹೇಳಿದೆ. ನಮ್ಮ ಹಳೆಯ ಸೈಕಲ್ಲಿನಲ್ಲಿ ಮುಂದಿನ ಬ್ರೇಕು ಬಲಗೈಯದು. ಇದರಲ್ಲಿ ಎಡಗೈಗೆ ಬಂದಿತ್ತು. ಕೆಲವು ದೇಶಗಳಲ್ಲಿ ಅದೇ ರೂಢಿ. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸದಂತೆಯೇ ಹೋಗುವುದರಿಂದ, ಅಂಗಡಿಯವನಿಂದ ಅದನ್ನು ಅದಲುಬದಲು ಮಾಡಿಸುವವರೆಗೂ ಘಟ್ಟಕ್ಕೆ ಹೋಗಕೂಡದೆಂದೆ. ಅವಳು ಮುಖ ಸಿಂಡರಿಸಿದಳು. ಆಮೇಲೆ, ಕೆರೆಯ ಇಳಿಜಾರಿನಲ್ಲಾದರೂ ನಿಧಾನವಾಗಿ ಒಮ್ಮೆ ನೋಡುತ್ತೇನೆಂದಳು. ಮಳೆ ಹನಿಯುತ್ತಿತ್ತು. ನಾನು ಕೊಡೆ ಹಿಡಿದು ಏರಿಯ ಮೇಲೆ ನಿಂತೆ. ಅವಳು ಇಳಿದುಹೋಗಿ, ನಾನು ಹಿಂದೆ ಗದ್ದೆಗೆ ಬಿದ್ದ ಜಾಗಕ್ಕಿಂತ ಸಾಕಷ್ಟು ಮೊದಲೇ ಸೈಕಲ್ಲನ್ನು ನಿಲ್ಲಿಸಿ, ಒಂದು ಕಾಲನ್ನು ನೆಲಕ್ಕೆ ಊರಿ, ನನ್ನ ಕಡೆ ತಿರುಗಿ ಕೈ ಬೀಸಿದಳು.