ಕಳೆನಾಶಕದ ಉಳಿಕೆ ಮತ್ತು ಮುಂದಿನ ಬೆಳೆ

ಕಳೆ ಸತ್ತ ಮಾತ್ರಕ್ಕೆ ಕಳೆನಾಶಕವು ಮಣ್ಣಿನಿಂದ ಮರೆಯಾಗುವುದಿಲ್ಲ. ಅದರ ಅಂಶವು ಕೆಲವು ವಾರಗಳಿಂದ ಹಲವು ತಿಂಗಳುಗಳವರೆಗೆ ಉಳಿಯಬಹುದು. ಸಿಂಪಡಿಸಿದ ಬೆಳೆಗೆ ಹಾನಿ ಮಾಡದ ಈ ಉಳಿಕೆಯು ಅನಂತರ ಬಿತ್ತುವ ಬೆಳೆಗೆ ಮಾರಕವಾಗಬಹುದು. ಆದ್ದರಿಂದ ಕಳೆನಾಶಕದ ಆಯ್ಕೆಯು ಒಂದು ಹಂಗಾಮಿಗೆ ಸೀಮಿತವಾದುದಲ್ಲ. ಅದು ಬೆಳೆ ಪರಿವರ್ತನೆಗೆ ಸಂಬಂಧಿಸಿದ ವಿಷಯ.

ಹರಿಯಾಣ ಮತ್ತು ಪಂಜಾಬಿನ ಗೋಧಿ ಹೊಲಗಳು ಇದಕ್ಕೆ ನಿದರ್ಶನ. ಅಲ್ಲಿ ಭತ್ತದ ನಂತರ ಗೋಧಿ, ಗೋಧಿಯ ನಂತರ ಭತ್ತ ಎಂಬ ಕ್ರಮವು ವರ್ಷಾನುಗಟ್ಟಲೆ ನಡೆದುಬಂದಿತು. ಎಳೆಯದಿದ್ದಾಗ ಗೋಧಿಯನ್ನೇ ಹೋಲುವ 'ಗುಲ್ಲಿ ಡಂಡಾ' ಎಂಬ ಕಳೆಯ ನಾಶಕ್ಕೆ ಐಸೊಪ್ರೊಟ್ಯೂರಾನ್ ಔಷಧಿಯನ್ನು ಸತತವಾಗಿ ಬಳಸಲಾಯಿತು. 1990ರ ದಶಕದ ಆರಂಭದ ವೇಳೆಗೆ ಹಲವೆಡೆ ಆ ಕಳೆಯು ಔಷಧಿಗೆ ಬಗ್ಗದಂತಾಯಿತು. ಮುಂದೆ ಬಳಕೆಗೆ ಬಂದ ಬದಲಿ ಔಷಧಿಗಳಲ್ಲಿ ಸಲ್ಫೋಸಲ್ಫ್ಯೂರಾನ್ ಒಂದು. ಗೋಧಿಗೆ ಇದರ ಮೂಲವಸ್ತು ಹೆಕ್ಟೇರಿಗೆ 25 ಗ್ರಾಂ ಸಾಕು. ಆದರೆ ಇದರ ಉಳಿಕೆಯಿರುವ ಮಣ್ಣಿನಲ್ಲಿ ಬಿತ್ತಿದ ಜೋಳ, ಮೆಕ್ಕೆಜೋಳದ ಬೆಳವಣಿಗೆ ಕುಂಠಿತವಾಗುತ್ತದೆ. ಬೆಳೆ ಬದಲಾಯಿಸಿ ಕಳೆಯನ್ನು ಹತೋಟಿಗೆ ತರಬಯಸುವ ರೈತನಿಗೆ ಹೀಗೆ ಉಳಿಕೆಯೇ ಅಡ್ಡಿಯಾಗುತ್ತದೆ.

ಮಣ್ಣಿನ ಸೂಕ್ಷ್ಮಾಣುಜೀವಿಗಳು ಮತ್ತು ರಾಸಾಯನಿಕ ಕ್ರಿಯೆಗಳು ಕಳೆನಾಶಕವನ್ನು ಕ್ರಮೇಣ ಒಡೆಯುತ್ತವೆ. ತೇವ ಮತ್ತು ಉಷ್ಣತೆ ಕಡಿಮೆಯಾದರೆ ಈ ಕಾರ್ಯ ನಿಧಾನವಾಗುತ್ತದೆ. ಸಲ್ಫೋಸಲ್ಫ್ಯೂರಾನ್ ಗುಂಪಿನ ಔಷಧಿಗಳು ಕ್ಷಾರ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ಮೆಕ್ಕೆಜೋಳಕ್ಕೆ ಬಳಸುವ ಅಟ್ರಜಿನ್ ಸುಮಾರು 60 ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆಂದು ಭಾವಿಸಿದರೆ, ಹಾಕಿದ 1,000 ಗ್ರಾಂನಲ್ಲಿ 120 ದಿನಗಳ ನಂತರವೂ 250 ಗ್ರಾಂ ಉಳಿದಿರುತ್ತದೆ. ಮಣ್ಣು ಮತ್ತು ಹವೆಗೆ ಅನುಗುಣವಾಗಿ ಈ ಅವಧಿ ಬಹಳ ವ್ಯತ್ಯಾಸವಾಗುತ್ತದೆ. ಮೆಕ್ಕೆಜೋಳವು ಅಟ್ರಜಿನ್ ವಿಷವನ್ನು ತನ್ನೊಳಗೇ ನಿರುಪದ್ರವಗೊಳಿಸಿಕೊಳ್ಳುತ್ತದೆ. ಸೌತೆ, ಸಾಸಿವೆ ಹಾಗೂ ಅನೇಕ ದ್ವಿದಳ ಬೆಳೆಗಳಿಗೆ ಆ ಶಕ್ತಿಯಿಲ್ಲ.

ಉಳಿಕೆಯನ್ನು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ಹೊಲದ ಹಲವು ಕಡೆಗಳಿಂದ ಮೇಲ್ಮಣ್ಣನ್ನು ಸಂಗ್ರಹಿಸಿ ಕುಂಡದಲ್ಲಿ ತುಂಬಬೇಕು. ಇನ್ನೊಂದು ಕುಂಡದಲ್ಲಿ ಕಳೆನಾಶಕ ಬೀಳದ ಅದೇ ಬಗೆಯ ಮಣ್ಣು ಇರಲಿ. ಎರಡರಲ್ಲೂ ಮುಂದಿನ ಬೆಳೆಯ ಬೀಜ ಬಿತ್ತಿ, ಎರಡು ಮೂರು ವಾರ ಸಮನಾಗಿ ನೀರುಣಿಸಿ ಸಸಿಗಳನ್ನು ಹೋಲಿಸಬೇಕು. ಹೊಲದ ಮಣ್ಣಿನ ಸಸಿಗಳು ಮಾತ್ರ ಹಳದಿಯಾದರೆ ಅಥವಾ ಕುಗ್ಗಿದರೆ, ಆ ಬೆಳೆಯನ್ನು ಮುಂದೂಡುವುದು ಕ್ಷೇಮ.

ಶಿಫಾರಸು ಮಾಡಿದ ಪ್ರಮಾಣವನ್ನು ಮೀರದಿರುವುದು, ಒಂದೇ ಸಾಲಿಗೆ ಎರಡು ಸಲ ಸಿಂಪಡಿಸದಿರುವುದು, ಔಷಧಿಯ ಹೆಸರು, ಪ್ರಮಾಣ, ದಿನಾಂಕಗಳನ್ನು ಬರೆದಿಡುವುದು ಅವಶ್ಯಕ. ಮುಂದೆ ಯಾವ ಬೆಳೆ ಎಂಬುದನ್ನು ಕಳೆನಾಶಕ ಕೊಳ್ಳುವ ಮೊದಲೇ ನಿರ್ಧರಿಸುವುದು ಇವೆಲ್ಲಕ್ಕಿಂತ ಮುಖ್ಯ.